ಮಗಳು ವಿಯೆನ್ನಾದಲ್ಲಿದ್ದಾಗ

ಅಬುಧಾಬಿಯಲ್ಲಿ ಬೇಸಿಗೆ ರಜೆಗೆ ಶಾಲೆ ಮುಚ್ಚಿದ ಮರುದಿನವೇ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಊರಿನ ವಿಮಾನ ಹತ್ತುತ್ತಾರೆ. ಗಂಡಸರು ಉಳಿಯುತ್ತಾರೆ. ಇಂಥವರಿಗೆ ಇಲ್ಲಿ ಸಮ್ಮರ್ ಬ್ಯಾಚುಲರ್ ಎಂದು ಹೆಸರು. ಮೊದಲ ವಾರ ಅವರ ಗತ್ತು ನೋಡಬೇಕು, ಬನಿಯನ್ನಿನಲ್ಲೇ ಲಿಫ್ಟಿನವರೆಗೂ ಬರುತ್ತಾರೆ. ಎರಡನೇ ವಾರಕ್ಕೆ ಮುಖ ಇಳಿಯುತ್ತದೆ. ಮೂರನೇ ವಾರಕ್ಕೆ ನಮ್ಮಂಥ ಊರಿಗೆ ಹೋಗದವರ ಮನೆಯ ಒಗ್ಗರಣೆಯ ವಾಸನೆ ಹಿಡಿದು ಬಾಗಿಲು ತಟ್ಟುತ್ತಾರೆ. ನಾನು ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೂರುವವಳು. ಸೆಖೆ ಎಂದು ಜ್ವರ, ಕೆಮ್ಮು ರಜೆ ಹಾಕುವುದಿಲ್ಲವಾದ್ದರಿಂದ ನನಗೂ ರಜೆ ಇರುತ್ತಿರಲಿಲ್ಲ.

ಪಕ್ಕದ ಫ್ಲ್ಯಾಟಿನ ಗುರುಪಾದಪ್ಪನವರು ಹಾಗೆ ಬಾಗಿಲು ತಟ್ಟುವ ಪೈಕಿಯಲ್ಲ. ಮುಧೋಳದ ಕಡೆಯವರು, ದೊಡ್ಡ ಕಟ್ಟಡಗಳ ಎಸಿ ಯಂತ್ರ ನೋಡಿಕೊಳ್ಳುವ ಎಂಜಿನಿಯರ್. ಎಲೆಕ್ಟ್ರಾ ರಸ್ತೆಯ ಆ ಮನೆ ಅವರಿಗೆ ಕಂಪನಿ ಕೊಟ್ಟದ್ದು, ಮದುವೆಯಾದ ಹೊಸತರಲ್ಲಿ ಬಂದವರು ಮತ್ತೆ ಮನೆ ಬದಲಿಸಲಿಲ್ಲ. ಊರೆಲ್ಲ ತಂಪು ಮಾಡುವ ಮನುಷ್ಯ ತಮ್ಮ ಮನೆಯಲ್ಲಿ ಎಸಿ ಆರಿಸಿ ಫ್ಯಾನ್ ಹಾಕುತ್ತಿದ್ದರು. ಮಾತು ಕಮ್ಮಿ. ನಮ್ಮ ನೀರುದೋಸೆಯನ್ನು ಮಾತ್ರ ಬಿಡುತ್ತಿರಲಿಲ್ಲ. "ಅಕ್ಕಾರ, ಇದನ್ನ ತಿನ್ನೂದೋ, ಇದರಾಗ ಕೈ ಒರಸ್ಕೊಳ್ಳೂದೋ" ಎಂದು ಕೇಳಿ, ಏಳೆಂಟು ತಿಂದು ಏಳುತ್ತಿದ್ದರು.

ಒಬ್ಬಳೇ ಮಗಳು ಅಕ್ಷರಾ. ಹುಟ್ಟಿದ್ದು ಇದೇ ಊರಿನ ಆಸ್ಪತ್ರೆಯಲ್ಲಿ, ಬೆಳೆದದ್ದು ಇದೇ ಮಹಡಿಯ ಕಾರಿಡಾರಿನಲ್ಲಿ. ದುಬೈಯ ಕಾಲೇಜಿನಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದಳು, ಗುರುವಾರ ಸಂಜೆ ಬಸ್ಸು ಹಿಡಿದು ಮನೆಗೆ ಬರುತ್ತಿದ್ದಳು. 2016ರ ಬೇಸಿಗೆಯಲ್ಲಿ ಅವಳು ಮೂವರು ಗೆಳತಿಯರ ಜೊತೆ ವಿಯೆನ್ನಾ ನೋಡಲು ಹೊರಟಳು. ಕಟ್ಟಡ ಕಟ್ಟುವ ಹುಡುಗಿ ಯುರೋಪ್ ನೋಡದಿದ್ದರೆ ಹೇಗೆ ಎಂದು ಮೊದಲು ಅಂದವರು ಅಪ್ಪನೇ. ಅಮ್ಮ ಶಾಂತವ್ವ ತಮ್ಮ ತಾಯಿಯ ಕಣ್ಣಿನ ಆಪರೇಷನ್ನಿಗೆಂದು ಆಗಲೇ ಮುಧೋಳಕ್ಕೆ ಹೋಗಿದ್ದರು. ಹೊರಡುವ ದಿನ ಅಕ್ಷರಾ ನನ್ನ ಬಾಗಿಲಿಗೆ ಬಂದು, "ಆಂಟಿ, ಪಪ್ಪಾ ಲೋನ್ಲಿ ಆಗ್ತಾರ. ಆಗಾಗ ನೋಡ್ಕೋರಿ, ಪ್ಲೀಸ್" ಎಂದಳು.

ಅವಳು ಹೋದ ಮೇಲೆ ಒಂದು ಸಂಜೆ ನಾನು ಕೆಲಸ ಮುಗಿಸಿ ಬಂದಾಗ ಲಿಫ್ಟಿನಿಂದ ಅವರ ವಾಷಿಂಗ್ ಮೆಷಿನ್ ಇಳಿಯುತ್ತಿತ್ತು. ಇಬ್ಬರು ಅಪರಿಚಿತರು ಹೊತ್ತಿದ್ದರು. ಹಿಂದೆ ಗುರುಪಾದಪ್ಪನವರು ಅದರ ಪೈಪನ್ನು ಸುತ್ತಿ ಹಿಡಿದು ನಿಂತಿದ್ದರು.

"ಎಂತ ಮಾರಾಯ್ರೆ, ಹಾಳಾಯ್ತಾ?" ಎಂದೆ.

"ಇಲ್ರಿ ಅಕ್ಕಾರ, ಚಲೋ ಐತಿ" ಎಂದರು. ಆಮೇಲೆ ಮೇಲೆ ಬಂದು, ನಮ್ಮ ಹಾಲಿನಲ್ಲಿ ಕೂತು, ಚಹಾ ಆರುವವರೆಗೂ ಕಪ್ ಹಿಡಿದುಕೊಂಡೇ ಹೇಳಿದರು. ಕಚ್ಚಾ ತೈಲದ ಬೆಲೆ ಇಳಿದಾಗಿನಿಂದ ಕಂಪನಿ ಜನರನ್ನು ಕಡಿಮೆ ಮಾಡುತ್ತಾ ಬಂದಿತ್ತು. ಈ ಸಲ ಇವರ ಸರದಿ. ವಿಷಯ ಗೊತ್ತಾದದ್ದು ಮಗಳ ವಿಯೆನ್ನಾ ವೀಸಾ ಕೈಗೆ ಬಂದ ವಾರವೇ.

ಇಲ್ಲಿಯ ಕಟ್ಟಳೆ ಗೊತ್ತಿಲ್ಲದವರಿಗೆ ಹೇಳಬೇಕು. ಅಪ್ಪನ ವೀಸಾದ ಮೇಲೆ ಹೆಂಡತಿ ಮಕ್ಕಳ ವೀಸಾ ನಿಂತಿರುತ್ತದೆ. ಅವನ ಕೆಲಸ ಹೋದರೆ ಮೊದಲು ಅವರದು ಕ್ಯಾನ್ಸಲ್ ಆಗಬೇಕು, ನಂತರ ಅವನದು. ಅಂದರೆ ಅಕ್ಷರಾ ಯುರೋಪಿನಲ್ಲಿರುವಾಗಲೇ ಅವಳ ವೀಸಾ ಕ್ಯಾನ್ಸಲ್ ಆದರೆ ಅವಳು ಮರಳಿ ಅಬುಧಾಬಿಗೆ ಕಾಲಿಡುವಂತಿಲ್ಲ. ಗುರುಪಾದಪ್ಪನವರು ಹುಟ್ಟಿದಾರಭ್ಯ ಯಾರನ್ನೂ ಏನನ್ನೂ ಬೇಡಿದವರಲ್ಲ. ಈಗ ಕಂಪನಿಯ ಮ್ಯಾನೇಜರ್ ಎದುರು ನಿಂತು, ಮಗಳು ವಾಪಸ್ ಬರುವ ತನಕ ತಡೆಯಿರಿ ಎಂದು ಬೇಡಿದ್ದರು. ಆತ ಒಪ್ಪಿದ್ದ. ಜುಲೈ ಮುಗಿಯುವವರೆಗೆ, ಅದರಾಚೆ ಒಂದು ದಿನವೂ ಇಲ್ಲ, ಖಲಾಸ್ ಎಂದಿದ್ದ.

"ಅಕಿ ಬರಲಿ. ತನ್ನ ಮನೀನ ಒಮ್ಮೆ ನೋಡಲಿ. ಬಾಗಲಾ ಅಕಿನ ಹಾಕಲಿ. ನನಗ ಅಷ್ಟ ಸಾಕ್ರಿ" ಎಂದರು. "ಅಲ್ಲೀತನಕ ಯಾರಿಗೂ ಹೇಳಬ್ಯಾಡ್ರಿ."

ಶಾಂತವ್ವನಿಗೂ ಹೇಳಿರಲಿಲ್ಲ. ಅವರಿಗೆ ಹೇಳಿದರೆ ಅರ್ಧ ಗಂಟೆಯಲ್ಲಿ ವಿಯೆನ್ನಾ ತಲುಪುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಹಾಗೆ ಆ ಮನೆ ಸದ್ದಿಲ್ಲದೆ ಖಾಲಿಯಾಗತೊಡಗಿತು. ಸೋಫಾ ಹೋಯಿತು, ಊಟದ ಮೇಜು ಹೋಯಿತು, ಫ್ರಿಜ್ಜನ್ನು ಕೆಳಗಿನ ಬಕಾಲಾದವನೇ, ಅಂದರೆ ಕಿರಾಣಿ ಅಂಗಡಿಯವನೇ, ಕೊಂಡ. ಗುರುಪಾದಪ್ಪನವರು ನೆಲದ ಮೇಲೆ ಪೇಪರ್ ಹಾಸಿ ಉಣ್ಣುತ್ತಿದ್ದರು. ನಾನು ಸಾರು ಕೊಡಲು ಹೋದರೆ ಹಾಲಿನಲ್ಲಿ ನನ್ನ ಚಪ್ಪಲಿಯ ಸದ್ದು ನನಗೇ ವಾಪಸ್ ಕೇಳುತ್ತಿತ್ತು. ಮಗಳ ಕೋಣೆಯೊಂದನ್ನು ಮಾತ್ರ ಅವರು ಮುಟ್ಟಿರಲಿಲ್ಲ. ಹಾಸಿಗೆ, ಪುಸ್ತಕ, ಕುರ್ಚಿಯ ಮೇಲೆ ಅವಳು ಎಸೆದು ಹೋದ ದುಪಟ್ಟಾ ಕೂಡ ಹಾಗೇ ಇತ್ತು. ವಿಡಿಯೊ ಕಾಲ್ ಬಂದಾಗ ಓಡಿ ಹೋಗಿ ಅಲ್ಲಿ ಕೂತು ಮಾತಾಡುತ್ತಿದ್ದರು.

"ಪಪ್ಪಾ, ಯಾವಾಗ್ ನೋಡಿದ್ರೂ ನನ್ ರೂಮಿನ್ಯಾಗ ಇರ್ತೀರಿ?" ಎಂದು ಅವಳು ಕೇಳಿದ್ದನ್ನು ನಾನೇ ಕೇಳಿಸಿಕೊಂಡೆ.

"ಇಲ್ಲಿ ಎಸಿ ಚಲೋ ಬರ್ತೈತವ್ವಾ."

ಎಸಿಯ ಮುಖ ನೋಡದ ಮನುಷ್ಯ ಹೇಳಿದ ಈ ಸುಳ್ಳನ್ನು ಅವಳು ನಂಬಿದಳಲ್ಲ ಎಂದು ನನಗೆ ನಗು ಬಂತು. ಮನೆಗೆ ಬಂದ ಮೇಲೆ ಅಳು ಬಂತು.

ಅಲ್ಲಿಂದ ಬರುತ್ತಿದ್ದ ಸುದ್ದಿಯೆಲ್ಲ ಖುಷಿಯದೇ. ಅರಮನೆಯ ತೋಟದಲ್ಲಿ ದಾರಿ ತಪ್ಪಿದರಂತೆ. ಹಳೆಯ ದೊಡ್ಡ ತಿರುಗುವ ಚಕ್ರದಲ್ಲಿ ಕೂತು ಊರಿನ ಎಲ್ಲ ಗೋಪುರಗಳನ್ನು ನೋಡಿದರಂತೆ. ಮಧ್ಯರಾತ್ರಿಯವರೆಗೂ ತೆರೆದಿರುವ ಮಾಲುಗಳಲ್ಲಿ ಬೆಳೆದ ಈ ಹುಡುಗಿಯರು ಶಾಪಿಂಗನ್ನೆಲ್ಲ ಭಾನುವಾರಕ್ಕೆ ಇಟ್ಟುಕೊಂಡಿದ್ದರು. ಹೋಗಿ ನೋಡಿದರೆ ಇಡೀ ಬೀದಿಯ ಅಂಗಡಿಗಳು ಮುಚ್ಚಿವೆ. "ಪಪ್ಪಾ, ಇಡೀ ಸಿಟಿ ಕ್ಲೋಸ್ಡ್. ಯಾರಾದ್ರೂ ಸತ್ರಾ ಅಂತ ಕೇಳಿದ್ವಿ" ಎಂದು ಅವಳು ನಕ್ಕಾಗ ಅಪ್ಪನೂ ನಕ್ಕರು. ಆ ತಿಂಗಳು ನಾನು ಕೇಳಿದ ಅವರ ನಗು ಅದೊಂದೇ.

ಮರುದಿನ ಅಂಗಡಿಗಳು ತೆರೆದವು. ಒಂದರಿಂದ ಅವಳು ವಿಡಿಯೊ ಕಾಲ್ ಮಾಡಿ ಹಳೆಯ ಕಾಲದ ಹಿತ್ತಾಳೆ ಕಾಲಿನ ದೀಪವೊಂದನ್ನು ತೋರಿಸಿದಳು. ಹಾಲಿನಲ್ಲಿ ಸೋಫಾದ ಪಕ್ಕದ ಮೂಲೆ ಯಾವಾಗಲೂ ಕತ್ತಲೆಯಲ್ಲವೇ, ಅಲ್ಲಿಗೆ ಇದು ಸರಿಹೋಗುತ್ತದೆ ಎಂದಳು. "ಆ ಕಾರ್ನರ್ ಎಷ್ಟು ಅಗಲ ಐತಿ, ಸ್ವಲ್ಪ ಅಳದು ಹೇಳ್ರಿ ಪಪ್ಪಾ."

ಗುರುಪಾದಪ್ಪನವರು ಫೋನನ್ನು ಅವಳ ಹಾಸಿಗೆಯ ಮೇಲೆ ಮುಖ ಕೆಳಗೆ ಮಾಡಿ ಇಟ್ಟು ಎದ್ದರು. ಏನೂ ಇಲ್ಲದ ಹಾಲಿನಲ್ಲಿ, ಇಲ್ಲದ ಸೋಫಾದ ಪಕ್ಕ ಬಗ್ಗಿ, ಗೇಣು ಹಾಕಿ ಅಳೆದರು. ನಾನು ಪಾತ್ರೆ ತೆಗೆದುಕೊಂಡು ಹೋಗಲು ಬಂದವಳು ಬಾಗಿಲಲ್ಲೇ ನಿಂತುಬಿಟ್ಟೆ. ಅಳೆಯುವ ಅಗತ್ಯ ಏನಿತ್ತು? ಬಾಯಿಗೆ ಬಂದ ಲೆಕ್ಕ ಹೇಳಿದ್ದರೆ ನಡೆಯುತ್ತಿತ್ತು. ಆದರೆ ಮಗಳು ಕೇಳಿದ್ದನ್ನು ಸುಮ್ಮನೆ ಹೇಳುವ ಜಾಯಮಾನ ಅವರದಲ್ಲ.

"ಮೂರು ಗೇಣು ಐತಿ. ಬರೋಬ್ಬರಿ ಕೂಡ್ತೈತಿ, ತೊಗೋ" ಎಂದರು.

ಅವಳು ಬರಲು ಇನ್ನೆರಡು ದಿನವಿದೆ ಎನ್ನುವಾಗ ಅವರು ನಮ್ಮ ಬಾಗಿಲು ತಟ್ಟಿದರು. ಮುಖ ನೋಡಿಯೇ ಏನೋ ಎಡವಟ್ಟಾಗಿದೆ ಅಂದುಕೊಂಡೆ. ಗೆಳತಿಯರಲ್ಲಿ ಒಬ್ಬಳ ಚಿಕ್ಕಪ್ಪ ಸಾಲ್ಜ್‌ಬರ್ಗಿನಲ್ಲಿದ್ದಾನೆ. ಆತ ಕಾರು ತಂದು ನಾಲ್ವರನ್ನೂ ಕರೆದೊಯ್ದು, ಬೆಟ್ಟ, ಸರೋವರ ತೋರಿಸಿ, ಒಂದು ವಾರ ಇಟ್ಟುಕೊಂಡು ಕಳಿಸುತ್ತಾನಂತೆ. ಮೂವರ ಮನೆಯಲ್ಲೂ ಹೂಂ ಅಂದಿದ್ದಾರೆ. ಅಕ್ಷರಾ ಅಪ್ಪನನ್ನು ಕೇಳಿದ್ದಾಳೆ. ಇವರು, ತಾಸು ಬಿಟ್ಟು ಹೇಳ್ತೀನಿ ಎಂದು ಫೋನ್ ಇಟ್ಟು ಬಂದಿದ್ದಾರೆ. ಆ ವಾರ ಮುಗಿಯುವಷ್ಟರಲ್ಲಿ ಜುಲೈ ಮುಗಿದಿರುತ್ತಿತ್ತು.

ನನಗೆ ಸಿಟ್ಟೇ ಬಂತು. "ಇದರಲ್ಲಿ ಕೇಳುವುದಕ್ಕೆ ಎಂತ ಉಂಟು? ನಿಜ ಹೇಳಿ. ಇಪ್ಪತ್ತು ವರ್ಷದ ಹುಡುಗಿ ಅವಳು, ಹಸುಗೂಸಾ? ಮನೆ ಬಿಡ್ತಾ ಇದ್ದೇವೆ, ಬಾ ಅಂತ ಹೇಳಿ. ನಾಳೆಯೇ ಓಡಿ ಬರ್ತಾಳೆ."

"ಅದಕ್ಕ ಹೆದರಿಕಿರಿ. ಓಡಿ ಬರ್ತಾಳ" ಎಂದರು. "ಮುಂದ ಎಂದಾದ್ರೂ ವಿಯೆನ್ನಾ ಅಂದಕೂಡ್ಲೆ ಅಕಿಗೆ ಅಪ್ಪನ ನೌಕರಿ ಹೋದದ್ದ ನೆನಪಾಗ್ತೈತಿ. ನಾ ಅಕಿಗೆ ಕೊಟ್ಟಿದ್ದು ಅದೊಂದ ಅಕ್ಕಾರ. ಅದನ್ನೂ ಹೊಲಸು ಮಾಡ್ಲೇನು?"

"ಮತ್ತೆ ಮನೆ? ಅವಳೇ ಬಾಗಿಲು ಹಾಕಬೇಕು ಅಂತ ಇದ್ರಲ್ಲ?"

ಅವರು ನಮ್ಮ ಹಾಲಿನಲ್ಲಿ ಕೂತೇ ಮಗಳಿಗೆ ಫೋನ್ ಮಾಡಿದರು. ಹೋಗಿ ಬಾ ಎಂದರು. ಆಮೇಲೆ ಇಲ್ಲಿಗೆ ಬರುವುದು ಬೇಡ, ಸೀದಾ ಬೆಂಗಳೂರಿಗೆ ಟಿಕೆಟ್ ಮಾಡಿಸುತ್ತೇನೆ, ಅಜ್ಜಿ ನಿನ್ನ ನೋಡಬೇಕೆನ್ನುತ್ತಿದ್ದಾಳೆ, ನಾನೂ ರಜೆ ಹಾಕಿ ಮುಧೋಳಕ್ಕೇ ಬರುತ್ತೇನೆ ಎಂದರು. ದನಿ ಎಲ್ಲೂ ತಪ್ಪಲಿಲ್ಲ. ಆ ಕಡೆ ನಾಲ್ಕೂ ಹುಡುಗಿಯರ ಕೇಕೆ ನನಗೆ ಕೇಳಿಸಿತು. "ಲವ್ ಯೂ ಪಪ್ಪಾ" ಎಂದು ಅವಳು ಫೋನ್ ಇಟ್ಟಳು. ಇವರು ಫೋನನ್ನು ಜೇಬಿಗೆ ಹಾಕಿಕೊಂಡು ಎದ್ದು ಹೋದರು.

ಕೊನೆಗೆ ಆ ಕೋಣೆಯನ್ನೂ ಅವರೇ ಖಾಲಿ ಮಾಡಬೇಕಾಯಿತು. ಯಾವುದು ಬೇಕು, ಯಾವುದು ಬೇಡ ಎಂದು ಮಗಳನ್ನು ಕೇಳುವಂತಿಲ್ಲ. ಹಾಗಾಗಿ ಎಲ್ಲವನ್ನೂ ಕಟ್ಟಿದರು. ಮುರಿದ ಕ್ಲಿಪ್ಪು, ಒಣಗಿದ ಪೆನ್ನು, ಒಂದೇ ಕಾಲಿನ ಸಾಕ್ಸ್, ಏನನ್ನೂ ಬಿಡಲಿಲ್ಲ. ಗೋಡೆಗೆ ಸೇರಿದ ಕಪಾಟು ಕಂಪನಿಯದು. ಅದರ ಬಾಗಿಲಿನ ಒಳಗೆ ಅವಳು ಚಿಕ್ಕವಳಿದ್ದಾಗ ಚ್ಯೂಯಿಂಗ್ ಗಮ್ಮಿನ ಜೊತೆ ಬರುವ ಸ್ಟಿಕ್ಕರುಗಳನ್ನು ಅಂಟಿಸಿದ್ದಳು. ಮನೆಯನ್ನು ಸ್ವಚ್ಛ ಮಾಡಿ ಒಪ್ಪಿಸಬೇಕು ಎಂಬ ನಿಯಮವಿತ್ತಲ್ಲ, ಬಿಸಿನೀರಿನ ಬಟ್ಟೆ ಒತ್ತಿ, ಚಮಚದ ಹಿಡಿಯಿಂದ ಒಂದೊಂದಾಗಿ ಕೆರೆದು ತೆಗೆದರು. ನಾನು ಸಹಾಯಕ್ಕೆ ಕೈ ಹಾಕಿದರೆ ಬೇಡವೆಂದರು. ಜುಲೈ ಮುಗಿಯಿತು, ಅವರು ಬೀಗದ ಕೈ ಕೊಟ್ಟು ಒಬ್ಬರೇ ಟ್ಯಾಕ್ಸಿ ಹತ್ತಿದರು. ಇಡೀ ಕಟ್ಟಡದಲ್ಲಿ ಕೆಳಗಿಳಿದು ಕಳಿಸಿಕೊಟ್ಟವರು ನಾನು ಮತ್ತು ನನ್ನ ಗಂಡ ಪುರಂದರ, ಇಬ್ಬರೇ. ಬೇಸಿಗೆಯಲ್ಲವೇ, ಉಳಿದವರೆಲ್ಲ ಊರಿನಲ್ಲಿದ್ದರು.

ಆಗಸ್ಟಿನಲ್ಲಿ ಅಕ್ಷರಾ ಫೋನ್ ಮಾಡಿದಳು. ಮುಧೋಳ ತಲುಪಿ ಚಾಕೊಲೇಟ್ ಹಂಚಿ ಮುಗಿಸಿದ ಮೇಲೆ ಅಪ್ಪ ಹೇಳಿದರಂತೆ. ಅವಳು ಕಿರುಚಾಡಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು. "ಅವ್ರು ನನಗ ವಿಯೆನ್ನಾ ತೋರ್ಸಿದ್ರು ಆಂಟಿ. ನೋಡದಿದ್ರ ಸಾಯ್ತಿದ್ನೇನು?" ಎಂದಳು. "ಸರೋವರದ ಮುಂದ ನಿಂತು ಫೋಟೊ ತಗೋತಿದ್ದೆ. ಅದೇ ಟೈಮಿಗೆ ಅವ್ರು ನನ್ ರೂಮ್ ಕ್ಲೀನ್ ಮಾಡ್ತಿದ್ರು. ಈಗ ಯಾವ ಫೋಟೊ ನೋಡಿದ್ರೂ ಅದೇ ತಲೀಗೆ ಬರ್ತದ."

ಯಾವುದು ಆಗಬಾರದೆಂದು ಆ ಮನುಷ್ಯ ಅಷ್ಟೆಲ್ಲ ಒದ್ದಾಡಿದರೋ ಅದೇ ಆಗಿತ್ತು. ನನಗೆ ಇಬ್ಬರ ಮೇಲೂ ಸಿಟ್ಟು, ಇಬ್ಬರ ಮೇಲೂ ಕನಿಕರ. ತಿಂಗಳಾನುಗಟ್ಟಲೆ ಅಪ್ಪನ ಜೊತೆ ಅವಳು ನೆಟ್ಟಗೆ ಮಾತಾಡಲಿಲ್ಲ. ದುಬೈ ಕಾಲೇಜಿನವರದೇ ಭಾರತದ ಶಾಖೆಗೆ ಸೇರಿ ಓದು ಮುಂದುವರಿಸಿದಳು. ಗುರುಪಾದಪ್ಪನವರು ಹುಬ್ಬಳ್ಳಿಯಲ್ಲಿ ಒಂದು ಆಸ್ಪತ್ರೆಯ ಎಸಿ ನೋಡಿಕೊಳ್ಳುವ ಕೆಲಸ ಹಿಡಿದರು. ವಿಯೆನ್ನಾದ ಆ ದೀಪ ಅಲ್ಲಿಯ ಬಾಡಿಗೆ ಮನೆಯಲ್ಲಿ ಉರಿಯುತ್ತದೆ ಎಂದು ಶಾಂತವ್ವ ಹೇಳಿದರು.

ಮರುವರ್ಷ ಡಿಸೆಂಬರಿನಲ್ಲಿ ಅಕ್ಷರಾ ಬಂದಳು. ಹುಟ್ಟಿದ ಊರಿಗೆ ವಿಜಿಟ್ ವೀಸಾದಲ್ಲಿ, ಪ್ರವಾಸಿಯಾಗಿ. ನಮ್ಮ ಮನೆಯಲ್ಲೇ ಉಳಿದಳು. ಬಂದ ಸಂಜೆಯೇ ಕಾರಿಡಾರಿಗೆ ಹೋಗಿ ತಮ್ಮ ಬಾಗಿಲ ಮುಂದೆ ನಿಂತಳು, ನಾನು ಹಿಂದೆ ನಿಂತೆ. ಬೆಲ್ ಒತ್ತಿದಳು. ಈಜಿಪ್ಟಿನ ಹೆಂಗಸೊಬ್ಬಳು ಬಾಗಿಲು ತೆರೆದು, ಯಾರು ಬೇಕು ಎಂಬಂತೆ ನಗುತ್ತಾ ನೋಡಿದಳು. ಅವಳ ಭುಜದ ಮೇಲಿಂದ ಹಾಲ್ ಕಾಣುತ್ತಿತ್ತು, ಬೇರೆ ಪರದೆ, ಬೇರೆ ಸೋಫಾ, ಟಿವಿಯ ಮುಂದೆ ಮಗು. ಕೇಳಿದ್ದರೆ ಆಕೆ ಖಂಡಿತ ಒಳಗೆ ಕರೆಯುತ್ತಿದ್ದಳು. ಅಕ್ಷರಾ, "ಸಾರಿ, ರಾಂಗ್ ಫ್ಲ್ಯಾಟ್" ಎಂದು ತಿರುಗಿಬಿಟ್ಟಳು.

ನಮ್ಮ ಮನೆಗೆ ಬಂದು ಕೂತ ಹತ್ತು ನಿಮಿಷಕ್ಕೆ ಹುಬ್ಬಳ್ಳಿಯಿಂದ ನನಗೆ ಫೋನ್ ಬಂತು. "ಅಕಿ ಮನೀ ನೋಡಿದ್ಲೇನ್ರಿ ಅಕ್ಕಾರ?"

ನಾನು ಅವಳ ಕಡೆ ನೋಡಿದೆ. ಅವಳು ನಿಜ ಹೇಳುವುದು ಬೇಡ ಎಂದು ಕೈಯಾಡಿಸಿದಳು. "ಛಂದ ಐತಿ ಅಂತ ಹೇಳ್ರಿ. ನೋಡಿ ಖುಷಿ ಆದ್ಲು ಅನ್ರಿ" ಎಂದು ಪಿಸುಗುಟ್ಟಿದಳು.

"ನೋಡಿದಳು ಗುರುಪಾದಪ್ಪನವರೇ. ಒಳಗೆ ಕರೆದ್ರು, ಅವಳ ರೂಮೆಲ್ಲ ನೋಡಿ ಬಂದಳು. ಖುಷಿಯಾಗಿದ್ದಾಳೆ" ಎಂದೆ.

ಆ ಕಡೆಯಿಂದ ಉಸಿರು ಬಿಟ್ಟದ್ದು ಕೇಳಿಸಿತು. "ಭಾಳ ಚಲೋ ಆತ್ರಿ" ಎಂದರು. ಅಕ್ಷರಾ ಮೊಣಕಾಲು ತಬ್ಬಿಕೊಂಡು ಗೋಡೆಗೆ ಹಣೆ ಹಚ್ಚಿ ಕೂತಿದ್ದಳು. ಆ ಗೋಡೆಯ ಆಚೆ ಇರುವುದು ಅವಳ ಕೋಣೆ.