ಕವರ್ ಮುಚ್ಚಲೋ ಬೇಡವೋ: ದ್ಯಾವಯ್ಯನವರ ಬೆಳಗು

ಬೆಳಿಗ್ಗೆ ಆರೂ ಕಾಲು. ಪಾಳ್ಯದಾಚೆಯ ಕಾಫಿ ತೋಟದ ಅಂಚಿನಲ್ಲಿ ದ್ಯಾವಯ್ಯ ಕುಕ್ಕರಗಾಲಲ್ಲಿ ಕೂತು ಆನೆ ಲದ್ದಿಯನ್ನು ಮುಟ್ಟಿ ನೋಡುತ್ತಾರೆ. ಇನ್ನೂ ಬೆಚ್ಚಗಿದೆ. ಮಂಜಿನೊಳಗೆ ಎಲ್ಲೋ ಆನೆಗೆ ಇಷ್ಟದ ಬೈನೆ ಮರ ಮುರಿದ ಸದ್ದು. ಹೆಗಲ ಚೀಲದಿಂದ ಟ್ಯಾಬ್ ತೆಗೆದು, ಪುಸ್ತಕದಂಥ ಕವರನ್ನು ಮೆಲ್ಲಗೆ ಬಿಡಿಸಿ, ನಕ್ಷೆಯ ಮೇಲೆ ಬೆರಳೊತ್ತುತ್ತಾರೆ. ಕೆಂಪು ಗುರುತು ಮೂಡುತ್ತದೆ. ಆಮೇಲೆ ಕವರ್ ಮುಚ್ಚಲೂ ಆಗದೆ, ತೆರೆದಿಡಲೂ ಆಗದೆ, ನಡುವೆ ಹೆಬ್ಬೆರಳು ತೂರಿಸಿಕೊಂಡು ಸಂದಿಯಲ್ಲಿ ಇಣುಕುತ್ತಾರೆ.

ಐವತ್ತಾರು ವರ್ಷದ ದ್ಯಾವಯ್ಯನವರದು ಆನೆ ಎಲ್ಲಿದೆ ಎಂದು ಪತ್ತೆ ಹಚ್ಚಿ ತೋಟಗಳಿಗೆ ತಿಳಿಸುವ ಕೆಲಸ. ದಿನಕ್ಕೆ ಒಂಬತ್ತು ಕಿಲೋಮೀಟರ್ ನಡಿಗೆ, ಹದಿನಾಲ್ಕು ತೋಟಗಳಿಗೆ ಸುದ್ದಿ. ಕಾಫಿ ಕೊಯ್ಲಿನ ದಿನಗಳಲ್ಲಿ ಇನ್ನೂರು ಜನ ಅವರ ಗುರುತು ತಮ್ಮ ಮೊಬೈಲಿಗೆ ಬರುವ ತನಕ ರಸ್ತೆಯಲ್ಲೇ ನಿಂತಿರುತ್ತಾರೆ. ಮೊಬೈಲಿನ ಸಣ್ಣ ನಕ್ಷೆ ದ್ಯಾವಯ್ಯನವರ ಕಣ್ಣಿಗೆ ಹತ್ತುತ್ತಿರಲಿಲ್ಲ. ಬೆಳೆಗಾರರೆಲ್ಲ ಸೇರಿ ಈ ಟ್ಯಾಬ್ ಕೊಡಿಸಿದರು. ಮೊದಲ ವಾರವೇ ಅದು ಕಲ್ಲಿನ ಮೇಲೆ ಬಿದ್ದು ಮೂಲೆ ಬಿರುಕು ಬಿಟ್ಟಿತು. ಒಂದು ಒಳ್ಳೆ ಕವರ್ ಹಾಕಿಸಿಬಿಡಿ ಎಂದರು. ಪಾಪ, ಈ ಮನುಷ್ಯನ ತಲೆಬಿಸಿ ಶುರುವಾದದ್ದು ಅಲ್ಲಿಂದ.

ಆಲೂರಿನ ಮೊಬೈಲ್ ಅಂಗಡಿಯ ದಯಾನಂದ ಮೊದಲು ಕೊಟ್ಟದ್ದು ವೆಲ್ಕ್ರೋ ಅಂಟುಪಟ್ಟಿಯ ಕವರ್. ಗಟ್ಟಿಮುಟ್ಟಾಗಿತ್ತು. ಮಾರನೆಯ ಬೆಳಿಗ್ಗೆ ಮರಿಯಾನೆ ಜೊತೆಗಿದ್ದ ತಾಯಿಯೊಂದು ಮೂವತ್ತು ಮಾರು ದೂರದಲ್ಲಿದ್ದಾಗ ದ್ಯಾವಯ್ಯ ಅದನ್ನು ಬಿಡಿಸಿದರು. "ಚರ್ರ್ ಅಂತ ಬಟ್ಟೆ ಹರ್ದಂಗೆ ಸದ್ದಾಗ್ಬುಡ್ತು ಕಣ್ರೀ. ಎರಡೂ ಕಿವಿ ಅಗಲಿಸ್ಕೊಂಡು ನನ್ ಕಡೆಗೇ ತಿರುಗ್ತು. ಮರದ ಹಿಂದೆ ಉಸಿರು ಬಿಗಿ ಹಿಡ್ಕಂಡು ನಿಂತಿದ್ದೆ."

ಮತ್ತೆ ಅಂಗಡಿಗೆ ಹೋದವರು ಒಂದೊಂದೇ ಕವರನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ, ತೆಗೆದು ಮುಚ್ಚಿ ಮಾಡತೊಡಗಿದರು. ದಯಾನಂದ ನಕ್ಕು ಸುಸ್ತಾದರು. "ದ್ಯಾವಣ್ಣ, ಅದು ರೇಡಿಯೋ ಅಲ್ಲ ಮಾರಾಯ! ಬಣ್ಣ ನೋಡು, ಕೆಂಪು ಐತೆ, ನೀಲಿ ಐತೆ." ಬಣ್ಣ ಯಾರಿಗೆ ಬೇಕಾಗಿತ್ತು? ಎಲಾಸ್ಟಿಕ್ ಪಟ್ಟಿಯದು ಸದ್ದಿಲ್ಲ, ಆದರೆ ಚಳಿಗೆ ಮರಗಟ್ಟಿದ ಬೆರಳಿಗೆ ಸಿಕ್ಕುವುದಿಲ್ಲ. ಕೊನೆಗೆ ಮ್ಯಾಗ್ನೆಟ್ಟಿನದು ಗೆದ್ದಿತು. ತೆಗೆದರೂ ಸದ್ದಿಲ್ಲ, ಮುಚ್ಚಿದರೂ ಸದ್ದಿಲ್ಲ. ಮುಚ್ಚಿದೊಡನೆ ಟ್ಯಾಬ್ ತಾನಾಗಿ ಮಲಗುತ್ತದೆ, ಬ್ಯಾಟರಿ ಉಳಿಯುತ್ತದೆ ಎಂದು ದಯಾನಂದ ಹೊಗಳಿದ್ದೇ ಹೊಗಳಿದ್ದು.

ಆ ಮಲಗುವುದೇ ಕುತ್ತಾಯಿತು. ಇಲ್ಲಿ ನೆಟ್‌ವರ್ಕ್ ತೆವಳುತ್ತದೆ. ಗುರುತು ಹೋಗಲು ಒಂದೆರಡು ನಿಮಿಷ ಬೇಕು. ಒಂದು ಬೆಳಿಗ್ಗೆ ದ್ಯಾವಯ್ಯ ಗುರುತು ಒತ್ತಿದವರೇ, ಓದಿ ಮುಗಿಸಿದ ಪುಸ್ತಕದಂತೆ ಕವರನ್ನು ಅಚ್ಚುಕಟ್ಟಾಗಿ ಮುಚ್ಚಿ ನಡೆದರು. ಟ್ಯಾಬ್ ಮಲಗಿತು, ಗುರುತು ಒಳಗೇ ಉಳಿಯಿತು. ಇಷ್ಟು ಹೊತ್ತಾದರೂ ಗುರುತಿಲ್ಲವೆಂದರೆ ಆನೆಯೂ ಇಲ್ಲ ಎಂದುಕೊಂಡು ಕಾಫಿ ಕೊಯ್ಯುವ ಗಂಗಾಮಣಿಯ ಗುಂಪು ತೋಟಕ್ಕೆ ಇಳಿಯಿತು.

"ಗಿಡದ ಸಂದಿಯಲ್ಲಿ ಸೊಂಡಿಲು ಕಾಣ್ತು. ಹಣ್ಣಿನ ಚೀಲ ಅಲ್ಲೇ ಬಿಟ್ಟು ಓಡಿದ್ವಿ" ಎನ್ನುತ್ತಾರೆ ಗಂಗಾಮಣಿ. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಮಾತು ಬಂದಾಗ ದ್ಯಾವಯ್ಯನವರ ಕಣ್ಣು ಈಗಲೂ ನೆಲ ನೋಡುತ್ತದೆ. ಎರಡು ದಿನ ಅನ್ನ ಸೇರಲಿಲ್ಲವಂತೆ.

ಅದಕ್ಕೇ ಈ ಹೆಬ್ಬೆರಳು. ಕವರ್ ಪೂರ್ತಿ ಮುಚ್ಚಿದರೆ ಸುದ್ದಿ ನಿಲ್ಲುತ್ತದೆ, ಪೂರ್ತಿ ತೆರೆದರೆ ಪರದೆಯ ಬೆಳಕು ಮಂಜಿನಲ್ಲಿ ಆನೆಗೆ ಎದ್ದು ಕಾಣುತ್ತದೆ. ಮಲಗದ ಹಾಗೆ ಟ್ಯಾಬಿನಲ್ಲೇ ಏನೋ ಬದಲಾಯಿಸಬಹುದು ಎಂದು ಒಬ್ಬರು, ಕವರೇ ಬೇಡ ಎಂದು ಇನ್ನೊಬ್ಬರು. ದ್ಯಾವಯ್ಯ ಎಲ್ಲರಿಗೂ ತಲೆಯಾಡಿಸುತ್ತಾರೆ, ಯಾವುದೂ ತಲೆಗೆ ಹೋಗಿಲ್ಲ. ಅವರಿಗೆ ನಂಬಿಕೆ ಇರುವುದು ಬೆರಳಿನ ಮೇಲೆ.

ಪರದೆಯ ಅಂಚಿನಲ್ಲಿ ಗಂಗಾಮಣಿಯ ಉತ್ತರ ಬರುತ್ತದೆ: "ಬಂತು ದ್ಯಾವಣ್ಣ." ಆಗ ಮಾತ್ರ ಹೆಬ್ಬೆರಳು ಈಚೆ ಬರುತ್ತದೆ, ಕವರ್ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ಉಗುರಿನ ಮೇಲೆ ಕೆಂಪು ಗೆರೆ ಬಿದ್ದಿದೆ.

"ಇದನ್ನೇ ಇಟ್ಕಬೇಕೋ, ಬೇರೆ ತಗಬೇಕೋ, ಇನ್ನೂ ಗೊತ್ತಾಗ್ತಿಲ್ಲ ಕಣ್ರೀ" ಎನ್ನುತ್ತಾರೆ ಬೆರಳು ತಿಕ್ಕಿಕೊಳ್ಳುತ್ತ. "ಆದ್ರೆ ಅವತ್ತಿಂದ ಒಬ್ರೂ ಚೀಲ ಬಿಟ್ಟು ಓಡಿಲ್ಲ."