ಜವರಯ್ಯನ ಮಂಡಿಚೀಲ

ಗಂಡ ಬದುಕಿರುವಾಗ ಹೆಂಡತಿ ಅವನ ಹೆಸರು ಹೇಳಬಾರದು, ಆಯುಸ್ಸು ಕಮ್ಮಿಯಾಗುತ್ತೆ ಅಂತಾರೆ. ಇಪ್ಪತ್ತೆರಡು ವರ್ಷ ನಾನು ಹೇಳಲಿಲ್ಲ. ಆದರೂ ಹೋದ. ಇನ್ನು ಯಾರ ಆಯುಸ್ಸು ಉಳಿಸಬೇಕು? ಬರೀತೀನಿ. ಜವರಯ್ಯ.

ಮದ್ದೂರಿನ ಬೆಸ್ತರ ಕೇರಿಯವನು. ಶಿಂಷಾ ಹೊಳೆಯಲ್ಲಿ ಮೀನು ಹಿಡಿಯೋದು ಕಸುಬು. ಎತ್ತರದ ಆಳು. ಮಾತು ಕಮ್ಮಿ, ಹಟ ಜಾಸ್ತಿ. ದೊಡ್ಡ ಮೀನು ಸಿಕ್ಕಿದ ದಿನ ಬಸ್ಸು ನಿಲ್ಲೋ ಜಾಗದಲ್ಲಿ ಸುತ್ತಿಕೊಂಡು ಮನೆಗೆ ಬರುತ್ತಿದ್ದ, ನಾಲ್ಕು ಜನ ನೋಡಲಿ ಅಂತ. ಸಣ್ಣದು ಸಿಕ್ಕಿದ ದಿನ ಹಿತ್ತಲ ಕಡೆಯಿಂದ. ನಮಗೆ ಮಕ್ಕಳಿಲ್ಲ. ಇದ್ದದ್ದು ಒಂದು ಗುಡಿಸಲು, ಒಂದು ಮಡು.

ಮಾರ್ಗಶಿರ ಬಂದರೆ ಹೊಳೆ ತಗ್ಗುತ್ತೆ. ಮಂಜು ಬೀಳುತ್ತೆ, ನೀರು ಕೊರೆಯುತ್ತೆ. ಚಳಿಗೆ ಕೊರವ ಮೀನು ಮಂಕಾಗಿ ಬಂಡೆ ಸಂದಿಯಲ್ಲಿ ಕೂರುತ್ತೆ. ಸಂದಿಗೆ ಬಲೆ ಬೀಸೋಕಾಗಲ್ಲ. ಹೊತ್ತು ಹುಟ್ಟೋಕೆ ಮುಂಚೆ ನೀರಲ್ಲಿ ಮಂಡಿ ಊರಿ, ಸಂದಿಗೆ ಕೈ ಹಾಕಿ, ತಡಕಿ ಹಿಡೀಬೇಕು. ಬಿಸಿಲು ಬಿತ್ತೋ, ಮೀನಿಗೆ ಬುದ್ಧಿ ಬಂತು.

ನಮ್ಮ ಕೇರಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮಡು. ನಮ್ಮದು ಹಲಗೆಮಡು, ಅವನ ತಾತನ ಕಾಲದ್ದು. ಅದಕ್ಕೊಂದು ಕಟ್ಟಳೆ. ಮಾರ್ಗಶಿರದಲ್ಲಿ ಒಂದೇ ಸಮನೆ ಮೂರು ಬೆಳಗ್ಗೆ ಮಂಡಿ ಊರದಿದ್ದರೆ ಮಡು ಕೈಬಿಟ್ಟ ಹಾಗೆ. ಕೇರಿಯ ಯಜಮಾನ ಅದನ್ನು ಇನ್ನೊಬ್ಬನಿಗೆ ಕೊಡಬಹುದು.

ಯಜಮಾನ ಮರಿಸಿದ್ದಯ್ಯ. ದಿನಾ ದಡದಲ್ಲಿ ಎರಡು ಕಂಬಳಿ ಹೊದ್ದು, ಬೆಂಕಿ ಕಾಯಿಸಿಕೊಂಡು, ಯಾರ ಮಂಡಿ ಊರಿತು ಅಂತ ನೋಡುತ್ತಾ ಕೂರುತ್ತಿದ್ದ. ಅವನ ಮಂಡಿ ಮಗುವಿನ ಕೆನ್ನೆ ಹಾಗೆ ನುಣ್ಣಗಿತ್ತು. ಅವನ ಅಣ್ಣನ ಮಗ ಶಿವಯ್ಯನಿಗೆ ಮಡು ಇರಲಿಲ್ಲ. ಅದನ್ನೂ ಇಲ್ಲೇ ಹೇಳಿಬಿಡ್ತೀನಿ.

ನಲವತ್ತೈದಕ್ಕೆ ಜವರಯ್ಯನ ಮಂಡಿ ಕೆಟ್ಟಿತು. ಕಲ್ಲು ತಿಂದು ತಿಂದು ಚರ್ಮ ಎಮ್ಮೆ ಚರ್ಮ ಆಗಿತ್ತು. ಚಳಿ ಮೂಳೆಗೆ ಇಳಿಯಿತು. ಬೆಳಗ್ಗೆ ಗೋಡೆ ಹಿಡಿದು ಏಳುತ್ತಿದ್ದ. ಮಾರ್ಗಶಿರಕ್ಕೆ ಇಪ್ಪತ್ತು ದಿನ ಇತ್ತು. ಮಂಡಿ ಬೆಚ್ಚಗಿರಬೇಕು, ನೀರು ಹಿಡಿಯಬಾರದು, ಅಂಥದ್ದೇನಾದರೂ ಕಟ್ಟಿಕೊಳ್ಳಬೇಕು ಅಂತ ಹೊರಟ.

ಮೊದಲು ಬಾಳೆಪಟ್ಟೆ. ನೀರಿಗೆ ಇಳಿದ ತಕ್ಷಣ ನಾರು ಬಿಚ್ಚಿಕೊಂಡು ತೇಲಿಹೋಯಿತು. ಕೆಳಗಡೆ ಬಟ್ಟೆ ಒಗೆಯುತ್ತಿದ್ದ ಅಂಕಮ್ಮ ಎತ್ತಿಕೊಂಡು ಬಂದಳು. "ನಿನ್ ಗಂಡನ್ ಕಾಲು ತೇಲ್ಕಂಡ್ ಓಯ್ತಿತ್ತು, ತಗಳಮ್ಮಿ" ಅಂದಳು.

ಆಮೇಲೆ ಮೇಕೆ ತೊಗಲು, ಕೂದಲು ಒಳಗೆ ಮಾಡಿ. ಹದ ಮಾಡದ ತೊಗಲು. ಎರಡು ದಿನಕ್ಕೆ ನಾತ. ಬೀದಿ ನಾಯಿಗಳೆಲ್ಲ ಅವನ ಹಿಂದೆ. ಅಷ್ಟು ಜನ ಅವನ ಹಿಂದೆ ಹೋದದ್ದು ನಾನು ಯಾವತ್ತೂ ನೋಡಿರಲಿಲ್ಲ.

ಮೂರನೇದು ಡಾಂಬರು. ರಸ್ತೆ ಕೆಲಸದವರ ಹತ್ತಿರ ಬೇಡಿ ತಂದು ಗೋಣಿಗೆ ಬಳಿದು ಕಟ್ಟಿಕೊಂಡ. ನೀರು ಹಿಡಿಯಲಿಲ್ಲ, ನಿಜ. ಗೋಣಿಯೂ ಬಿಡಲಿಲ್ಲ. ಹರಳೆಣ್ಣೆ ಹಾಕಿ ನಾನೇ ಕಿತ್ತೆ. ಕೂದಲೆಲ್ಲ ಜೊತೆಗೇ ಬಂತು.

"ನಿದಾನ ಕಣಮ್ಮಿ, ನಿದಾನ!"

"ಸುಮ್ಕಿರು. ನಮ್ ಮದ್ವೆಲೂ ಇಷ್ಟ್ ಸಬ್ದ ಆಗಿರ್ನಿಲ್ಲ."

ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾದ ಮೇಲೆ ಲಾರಿ ಓಡಾಟ ಜಾಸ್ತಿ. ಮಳವಳ್ಳಿ ರಸ್ತೆಯಲ್ಲಿ ಗೌಸ್ ಪೀರ್ ಅನ್ನೋ ಸಾಬರು ಮೋಟಾರು ರಿಪೇರಿ ಮಾಡುತ್ತಿದ್ದರು. ಹಳೇ ಟ್ಯೂಬು ಕತ್ತರಿಸಿ ಎರಡು ಮಂಡಿಗೂ ಚೀಲ ಹೊಲಿದುಕೊಟ್ಟರು. ಹೊರಗೆ ರಬ್ಬರು, ಒಳಗೆ ಎರಡು ಪದರ ಹಳೇ ಕಂಬಳಿ. ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ.

ಮಾರ್ಗಶಿರದ ಮೊದಲನೇ ಬೆಳಗ್ಗೆ ಕಟ್ಟಿಕೊಂಡು ಮಡುವಿಗೆ ಇಳಿದ. ಇಳಿದವನು ಏಳಲಾರ. ನೀರು ಮೇಲಿಂದ ನುಗ್ಗಿ ಒಳಗೆ ಕೂತಿತ್ತು, ಹೊರಗೆ ಬರೋಕೆ ದಾರಿಯಿಲ್ಲ. ಕಾಲಿಗೊಂದೊಂದು ಕೊಡ ಕಟ್ಟಿದ ಹಾಗೆ ಮನೆಗೆ ಬಂದ. ಚೀಲ ಬಿಚ್ಚಿಸಿಕೊಂಡು ನಾನೇ ಗೌಸ್ ಪೀರ್ ಹತ್ತಿರ ಹೋದೆ.

"ಏನ್ ಸಾಬ್ರೆ, ಚೀಲ ಒಲ್ಕೊಟ್ರೋ, ಕೊಡ ಮಾಡ್ಕೊಟ್ರೋ?"

"ನಿನ್ನ ಗಂಡ ಏನಂದ? ನೀರು ದಾಟಬಾರದು ಅಂದ. ದಾಟ್ತಾ ಇಲ್ಲ ನೋಡು. ಒಳಗಿಂದ ಹೊರಗೂ ದಾಟ್ತಾ ಇಲ್ಲ! ನನ್ನ ಕೆಲಸದಲ್ಲಿ ತಪ್ಪು ಎಲ್ಲಿದೆಯಮ್ಮಾ?"

ಅವರ ದಬ್ಬಳ ಇಸ್ಕೊಂಡು ಚೀಲದ ಹಿಂಬದಿಗೆ ಆರಾರು ತೂತು ಹಾಕಿದೆ. ಬಂದ ನೀರು ಹೋಗಲಿ. ಕಂಬಳಿ ನೆಂದರೂ ಬಿಸಿ ಬಿಡಲ್ಲ. ಮಳೆಯಲ್ಲಿ ಕುರಿ ಕಾಯೋರಿಗೆಲ್ಲ ಗೊತ್ತಿರೋದು. ಗೌಸ್ ಪೀರ್ ತಲೆ ಕೆರೆದುಕೊಂಡರು. "ಟ್ಯೂಬಿನ ತೂತು ಮುಚ್ಚೋದೇ ನನ್ನ ಕಸುಬು ಕಣಮ್ಮಾ. ಹಾಕೋದು ತಲೆಗೇ ಬರಲಿಲ್ಲ" ಅಂದರು.

ಮಾರನೇ ದಿನ ಮೂರು ಕೊರವ ತಂದ. ಬಸ್ಸು ನಿಲ್ಲೋ ಜಾಗದಲ್ಲಿ ಎರಡು ಸುತ್ತು ಹಾಕಿಬಂದ ಅಂತ ಆಮೇಲೆ ಗೊತ್ತಾಯಿತು. "ಬೆಚ್ಚಗದೆ ಕಣಮ್ಮಿ" ಅಂದ. ಇಪ್ಪತ್ತೆರಡು ವರ್ಷದಲ್ಲಿ ಅವನ ಬಾಯಿಂದ ಬಂದ ಹೊಗಳಿಕೆ ಅದೊಂದೇ. ಅದೂ ರಬ್ಬರಿಗೆ.

ಮೂರನೇ ಬೆಳಗ್ಗೆ ಮರಿಸಿದ್ದಯ್ಯ ಬೆಂಕಿ ಬಿಟ್ಟು ಎದ್ದುಬಂದ. ನಾನೂ ಅಲ್ಲೇ ಬುಟ್ಟಿ ಹಿಡಿದು ನಿಂತಿದ್ದೆ.

"ಲೋ ಜವರಯ್ಯ, ಮೂರು ಬೆಳಗ್ಗೆ ಆಯ್ತು. ನಿನ್ ಮಂಡಿ ಊರ್ನಿಲ್ಲ."

"ನಾನು ದಿನಾ ಊರ್ತಾ ಇವ್ನಲ್ಲಣ್ಣ?"

"ಊರಿರೋದು ರಬ್ಬರು ಕಣ್ಲಾ. ಕಟ್ಟಳೆ ಮಂಡೀದು."

ಇಪ್ಪತ್ತು ವರ್ಷದಿಂದ ಕಾಲು ನೆನೆಸದವನು ಹೇಳಿದ ನ್ಯಾಯ. ಸುತ್ತ ನಿಂತಿದ್ದವರು ತಲೆ ಆಡಿಸಿದರು. ಅವರಿಗೆ ತಲೆ ಇದ್ದದ್ದೇ ಅದಕ್ಕೆ.

ಇನ್ನೂ ಹೊತ್ತು ಹುಟ್ಟಿರಲಿಲ್ಲ. ಜವರಯ್ಯ ಚೀಲ ಬಿಚ್ಚಿ ದಡಕ್ಕೆ ಎಸೆದ. ಬರೀ ಮಂಡಿ ಊರಿದ. ಅವತ್ತಿಂದ ತಿಂಗಳು ಪೂರ್ತಿ ಹಾಗೇ.

"ಮಡು ಓಗ್ಲಿ ಬುಡು. ನಾನು ಕೂಲಿಗೋಯ್ತೀನಿ" ಅಂದೆ.

"ತಾತನ್ ಮಡು ಕಣಮ್ಮಿ."

"ನಿಮ್ ತಾತ ಬಂದು ಮಂಡಿ ಕೊಟ್ಟಾನಾ?"

ಮಾರನೇ ಬೆಳಗ್ಗೆಯೂ ಇಳಿದ. ಮಡು ಉಳಿಯಿತು. ಪುಷ್ಯದಲ್ಲಿ ಶೀತ ಎದೆಗೆ ಇಳಿಯಿತು. ಒಂಬತ್ತು ದಿನ ಮಲಗಿದ್ದ, ಹತ್ತನೇ ದಿನ ಇರಲಿಲ್ಲ. ಹೊರೋಕೆ ಬಂದವರು ಮಂಡಿ ನೇರ ಆಗ್ತಿಲ್ಲ ಅಂತ ಒತ್ತಿದರು. ಒತ್ತಬೇಡಿ ಅಂದೆ.

ತಿಥಿ ಊಟ ಮಾಡಿ ಕೈ ತೊಳೆದ ಮರಿಸಿದ್ದಯ್ಯ, ಗಂಡಸಿಲ್ಲದ ಮನೆಗೆ ಮಡು ಯಾಕೆ ಅಂತ ಶಿವಯ್ಯನಿಗೆ ಕೊಟ್ಟ. ನಾನು ಕೂಲಿಗೆ ಹೋದೆ.

ಈ ವರ್ಷದ ಮಾರ್ಗಶಿರ ಬಂತು. ಶಿವಯ್ಯ ಮೊದಲನೇ ಬೆಳಗ್ಗೆ ಮಡುವಿಗೆ ಇಳಿದ. ಮನೆಗೆ ಅವನನ್ನು ಇಬ್ಬರು ಹಿಡಿದು ತಂದರು. ಮಂಡಿ ಊದಿ ಹಲಸಿನ ಕಾಯಿ. ಆಮೇಲೆ ಎರಡು ಬೆಳಗ್ಗೆ ಇಳಿಯಲಿಲ್ಲ. ಎರಡನೇ ದಿನ ಸಂಜೆ ಮರಿಸಿದ್ದಯ್ಯ ನನ್ನ ಬಾಗಿಲಿಗೆ ಬಂದ.

"ಅಮ್ಮಿ, ಆ ಚೀಲ ಮಡಗಿದ್ದೀಯಾ?"

"ರಬ್ಬರು ಮಂಡಿ ಅಲ್ವಲ್ಲ ಯಜಮಾನ್ರೆ?"

"ಕಾಲ ಬದ್ಲಾಯ್ತದೆ ಕಣಮ್ಮಿ. ಕೇರಿಯೋರೆಲ್ಲ ಕೂತ್ ಮಾತಾಡ್ದೊ. ರಬ್ಬರು ಊರಿದ್ರೂ ಊರ್ದಂಗೇ."

"ಸರಿ. ಬೆಳಿಗ್ಗೆ ಒಳೆತಾವ ತತ್ತೀನಿ."

ತಂದೆ. ನನ್ನ ಕಾಲಿಗೆ ಕಟ್ಟಿಕೊಂಡು ತಂದೆ. ಚೀಲಕ್ಕೆ ಕೈ ಚಾಚಿಕೊಂಡು ನಿಂತಿದ್ದ ಶಿವಯ್ಯನನ್ನು ದಾಟಿ ಹಲಗೆಮಡುವಿಗೆ ಇಳಿದು ಮಂಡಿ ಊರಿದೆ. ಹೊತ್ತು ಹುಟ್ಟಿತು. ಶಿವಯ್ಯ ಮಂಡಿ ಊರದ ಮೂರು ಬೆಳಗ್ಗೆ ಮುಗಿಯಿತು.

"ಏಳಮ್ಮಿ ಮೇಕೆ!" ಅಂತ ಮರಿಸಿದ್ದಯ್ಯ ಕೂಗಿದ. "ಎಂಗಸ್ರ ಮಂಡಿ ಕಟ್ಟಳೆಗೆ ಬರಕಿಲ್ಲ!"

"ನನ್ ಮಂಡಿ ಎಲ್ಲಿ ಊರದೆ ಯಜಮಾನ್ರೆ? ಊರಿರೋದು ರಬ್ಬರು. ರಬ್ಬರಲ್ಲಿ ಎಂಗಸು ಗಂಡಸು ಅಂತ ಅದಾ?"

ಒಗೆಯೋ ಕಲ್ಲಿನ ಹತ್ತಿರ ಅಂಕಮ್ಮ ನಕ್ಕಳು. ಆಮೇಲೆ ದಡವೆಲ್ಲ ನಕ್ಕಿತು. ಮರಿಸಿದ್ದಯ್ಯನ ಕಂಬಳಿ ಜಾರಿತು. ಪಂಚಾಯ್ತಿ ಸೇರಿಸಿ ತೀರ್ಮಾನ ಮಾಡ್ತೀನಿ ಅಂದು ಹೋದ. ಹನ್ನೊಂದು ದಿನ ಆಯಿತು, ಇನ್ನೂ ಸೇರಿಸುತ್ತಲೇ ಇದ್ದಾನೆ. ನಾನು ದಿನಾ ಇಳಿಯುತ್ತೀನಿ.

ಚೀಲ ಜವರಯ್ಯನ ಅಳತೆದು, ನನಗೆ ಸಡಿಲ. ಹರಕು ಸೀರೆ ತುರುಕಿ ಕಟ್ಟಿಕೊಳ್ಳುತ್ತೀನಿ. ಮೀನು ಹಿಡಿಯೋಕೆ ಇನ್ನೂ ಸರಿಯಾಗಿ ಬರಲ್ಲ. ನೆನ್ನೆ ತೋಳುದ್ದದ ಕೊರವ ಕೈಗೆ ಸಿಕ್ಕಿ ಜಾರಿಹೋಯಿತು. ಹಾಗಲ್ಲ ಕಣಮ್ಮಿ, ಕಿವಿರಿಗೆ ಬೆರಳು ಹಾಕು ಅಂತ ಬೈಯೋಕೆ ದಡದಲ್ಲಿ ಯಾರೂ ಇರಲಿಲ್ಲ.