ಆಕಾಶ ಟೇಶನ್ನಿನ ರಿಪೇರಿ

ಜೇವರ್ಗಿಯ ಅಬ್ದುಲ್ ಗನಿ ಸರಕಾರಿ ನೌಕರಿಯಲ್ಲಿ ಚೆನ್ನಾಗಿ ಕಲಿತದ್ದು ಒಂದೇ ಮಾತು: "ರಿಪೇರಿ ನಡದದ್ರಿ." ಇಂಜಿನಿಯರು ಜೀಪಿನಿಂದ ಇಳಿದು, ಯಂತ್ರದ ಬೆನ್ನು ಬಿಚ್ಚಿ, ಒಳಗೆ ಇಣುಕಿ, ಏನೂ ತಿಳಿಯದೆ ಚಹಾ ಕುಡಿಯಲು ಹೋದಾಗ, ಸುತ್ತ ನೆರೆದ ಜನಕ್ಕೆ ಆ ಮಾತು ಹೇಳುವುದು ಹೆಲ್ಪರನ ಕೆಲಸ. ಗನಿ ಅದನ್ನು ಎಷ್ಟು ಗಂಭೀರವಾಗಿ ಹೇಳುತ್ತಿದ್ದನೆಂದರೆ ಕೇಳಿದವರು ಎರಡನೇ ಪ್ರಶ್ನೆ ಕೇಳದೆ ಮನೆಗೆ ಹೋಗುತ್ತಿದ್ದರು. ಮೊದಲು ಪಂಚಾಯಿತಿ ರೇಡಿಯೋಗಳು, ಆಮೇಲೆ ಟಿವಿಗಳು. ಹೀಗೆ ಒಂಬತ್ತು ವರ್ಷವನ್ನು ಆ ಒಂದು ಮಾತಿನ ಮೇಲೆ ದಾಟಿಸಿದ್ದ. ಒಂಬತ್ತು ವರ್ಷವೂ ಟೆಂಪರರಿ. ಮದುವೆಯಾದಾಗ ಟೆಂಪರರಿ, ಎರಡು ಮಕ್ಕಳಾದಾಗಲೂ ಟೆಂಪರರಿ. ಹೆಂಡತಿ ಖಾಸೀಂಬಿ ಅದನ್ನೊಂದು ದೊಡ್ಡ ಹುದ್ದೆಯೆಂದೇ ತಿಳಿದು ನೆರೆಯವರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು.

೧೯೭೫ರಲ್ಲಿ ಆಕಾಶದಲ್ಲೊಂದು ಉಪಗ್ರಹ ಬಂದು ನಿಂತು ಕಲಬುರ್ಗಿ ಸೀಮೆಯ ಹಳ್ಳಿಗಳಿಗೆ ನೇರವಾಗಿ ಟಿವಿ ಇಳಿಸತೊಡಗಿತು. ಅಫಜಲಪುರ ತಾಲೂಕಿನ ಅತನೂರಿನಾಚೆ ಸಣ್ಣ ಹಂಗರಗಿ ಎಂಬ ಹಳ್ಳಿಗೂ ಒಂದು ಬಂತು. ಸಾಲೆಯ ಪಡಸಾಲೆಯಲ್ಲಿ ಟಿವಿಯ ಮರದ ಪೆಟ್ಟಿಗೆ, ಸಾಲೆಯ ಹಿಂದೆ ಉಪಗ್ರಹದ ಸಂಕೇತ ಹಿಡಿಯಲು ಪಡುವಣಕ್ಕೆ ಮುಖ ಮಾಡಿ ನಿಂತ, ಕೋಳಿಗೂಡಿನ ತಂತಿಬಲೆಯ ದೊಡ್ಡ ಛತ್ರಿ. ಊರವರು ಅದಕ್ಕೆ ಆಕಾಶ ಟೇಶನ್ ಎಂದು ಹೆಸರಿಟ್ಟರು. ಟೇಶನ್ ಅಂದ ಮೇಲೆ ಸಿಬ್ಬಂದಿ ಬೇಕಲ್ಲ, ಮೂವರು ಆದರು. ಊರ ಹಿರಿಯ ದೌಲತರಾಯ ಗೌಡರು, ಸಾಲೆಯ ಶಾಂತಲಿಂಗಪ್ಪ ಮಾಸ್ತರರು, ಹೋಟೆಲಿನ ದಾವಲಸಾಬ. ಮೂವರಲ್ಲಿ ಒಬ್ಬರಿಗೆ ಒಬ್ಬರ ಮೇಲೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಆದ್ದರಿಂದ ಪೆಟ್ಟಿಗೆಗೆ ಮೂರು ಬೀಗ ಬಿದ್ದವು, ಕೀಲಿಕೈ ಒಬ್ಬೊಬ್ಬರ ಉಡದಾರದಲ್ಲಿ ಒಂದೊಂದು. ಮೂವರೂ ಕೂಡಿ ಬಾರದೆ ಟಿವಿ ಕಣ್ಣು ತೆರೆಯುವಂತಿರಲಿಲ್ಲ.

ಇಷ್ಟೆಲ್ಲ ಬಂದೋಬಸ್ತಿದ್ದರೂ ಟಿವಿ ಕೆಟ್ಟಿತು. ಅದೂ ವಿಚಿತ್ರವಾಗಿ ಕೆಟ್ಟಿತು. ಬೆಳಿಗ್ಗೆ ಮಕ್ಕಳ ಪಾಠ ಕನ್ನಡಿಯಂತೆ ಬರುತ್ತಿತ್ತು. ಸಂಜೆ ದೊಡ್ಡವರು ಬಂದು ಕೂತರೆ ಪರದೆಯ ತುಂಬ ಬರೀ ಚಟಪಟ ಸಿಡಿಯುವ ಒಗ್ಗರಣೆಯ ಸಾಸಿವೆ. ಇಂಜಿನಿಯರು ನಾಲ್ಕು ಸಲ ಹಗಲಿನಲ್ಲಿ ಬಂದು, ಎಲ್ಲ ಸರಿಯಿದೆ ಎಂದು ಬರೆದು, ಹೊತ್ತು ಮುಳುಗುವ ಮೊದಲು ಕಲಬುರ್ಗಿ ಸೇರಿಕೊಂಡರು. ಅವು ಎಮರ್ಜೆನ್ಸಿಯ ದಿನಗಳು. ಕೋಳಿ ತಡವಾಗಿ ಕೂಗಿದರೂ ಅದರ ಹಿಂದೆ ಯಾರದೋ ಕೈವಾಡ ಇದೆ ಎಂದು ಕಚೇರಿಗಳು ನಂಬುತ್ತಿದ್ದ ಕಾಲ. ದೊಡ್ಡ ಸಾಹೇಬರು ಗನಿಯನ್ನು ಒಳಗೆ ಕರೆದು ಬಾಗಿಲು ಹಾಕಿಸಿದರು.

"ಯಂತ್ರದ್ದೇನೂ ತಪ್ಪಿಲ್ಲ ಗನಿ. ಯಾರೋ ಬೇಕಂತಲೇ ಕೆಡಸಾಕತ್ತಾರ. ನೀ ಗುಪ್ತವಾಗಿ ಹೋಗು. ಹದಿನೈದು ದಿನದಾಗ ನನಗ ಒಂದು ಹೆಸರು ಬೇಕು. ಹೆಸರು ತಂದ ದಿನಾನೇ ನೀ ಪರ್ಮನೆಂಟ್."

"ಹೆಸರು ಕೊಟ್ಟ ಮ್ಯಾಲೆ ಅವರಿಗೇನ್ ಆಗ್ತದ್ರಿ ಸಾಹೇಬ್ರ?"

"ಅವರೂ ಒಂದ್ಕಡೆ ಪರ್ಮನೆಂಟ್ ಆಗ್ತಾರ," ಎಂದು ಸಾಹೇಬರು ತಮ್ಮ ಮಾತಿಗೆ ತಾವೇ ನಕ್ಕರು. "ಹೆಸರು ಸಿಗಲಿಲ್ಲಂದ್ರ ಟಿವಿ ಕಿತ್ತು ಆಳಂದ ಕಡೆ ನರೋಣಾಕ್ಕ ಕಳಸ್ತೇನಿ. ಅಲ್ಲಿ ಜನ ಶಾಣ್ಯಾ ಇದ್ದಾರ." ನರೋಣಾ ಸಾಹೇಬರ ಹೆಂಡತಿಯ ತವರೂರೆಂಬುದು ಕಚೇರಿಯ ಗೋಡೆಗಳಿಗೂ ಗೊತ್ತಿತ್ತು.

ವೇಷವನ್ನೂ ಸಾಹೇಬರೇ ಆರಿಸಿದರು: ಚಿಮಣಿ ಎಣ್ಣೆಯ ಸ್ಟೋ ರಿಪೇರಿಯವನು. ಆ ಊರಿನಲ್ಲಿದ್ದದ್ದು ಒಂದೇ ಸ್ಟೋ, ಅದೂ ಮಾಸ್ತರರ ಮನೆಯದು, ಎಂಬ ಸಂಗತಿ ಕಲಬುರ್ಗಿಯವರೆಗೆ ಮುಟ್ಟಿರಲಿಲ್ಲ. ಗನಿ ಮೊದಲ ದಿನವೇ ಅದನ್ನು ರಿಪೇರಿ ಮಾಡಿದ. ಎರಡನೇ ದಿನ ಅದನ್ನೇ ಮತ್ತೆ ಬಿಚ್ಚಿದ. ಮೂರನೇ ದಿನ ಮಾಸ್ತರರೇ ಸ್ಟೋ ಹಿಡಿದುಕೊಂಡು ಬಂದು, "ಇವತ್ತೂ ರಿಪೇರಿ ಮಾಡ್ರಿ ಗನಿಸಾಬ್ರ, ಹಂಗೇ ಕೂತ್ರ ಮಂದಿ ಸಂಶೆ ಪಡ್ತಾರ. ನೀವು ಟಿವಿ ತನಿಖೆಗೆ ಬಂದದ್ದು ನಾ ಯಾರಿಗೂ ಹೇಳಿಲ್ಲ," ಎಂದರು. ಅತನೂರಿನ ಬಸ್ಸಿನ ಕಂಡಕ್ಟರನಿಂದ ಹಿಡಿದು ಊರ ಅಗಸರವರೆಗೆ ಎಲ್ಲರೂ ಇದೇ ಮಾತನ್ನು ಇದೇ ಪಿಸುದನಿಯಲ್ಲಿ ಅವನಿಗೆ ಹೇಳಿಯಾಗಿತ್ತು.

ಗುಟ್ಟು ಹೀಗೆ ಊರಿನದಾದ ಮೇಲೆ ಕೆಲಸ ಸುಲಭವಾಯಿತು. ಗನಿ ಯಾರನ್ನೂ ಹುಡುಕಿಕೊಂಡು ಹೋಗಬೇಕಿರಲಿಲ್ಲ. ಹೆಸರುಗಳೇ ನಡೆದುಕೊಂಡು ಬಂದವು.

ಗೌಡರು ಎಲೆ ಅಡಿಕೆ ಕೊಟ್ಟು ಹೇಳಿದರು: "ದಾವಲಸಾಬಂದೇ ಕೆಲಸ. ಟಿವಿ ಕೆಟ್ಟ ದಿನ ಅವನ ಹೋಟೆಲಿನ್ಯಾಗ ಕಾಲಿಡಾಕ ಜಾಗಾ ಇರೂದಿಲ್ಲ. ಬರಕೋರಿ."

ದಾವಲಸಾಬ ಚಹಾ ಕೊಟ್ಟು ಹೇಳಿದ: "ಅಲ್ಲಾನ ಕಸಂ ಭಾಯಿ, ಗೌಡ್ರದೇ ಇದು. ಮೊದಲ ಇಡೀ ಊರು ಅವರ ಕಟ್ಟಿ ಮ್ಯಾಗ ಕೂತು ಅವರ ರೇಡಿಯೋ ಕೇಳ್ತಿತ್ತು. ಈಗ ಅಲ್ಲಿ ನಾಯಿ ಮಲಗ್ತದ."

ಮಾಸ್ತರರು ಇಬ್ಬರ ಹೆಸರನ್ನೂ ಕೊಟ್ಟರು. ಅವರಿಬ್ಬರೂ ಮಾಸ್ತರರ ಹೆಸರು ಕೊಟ್ಟರು. ಟಿವಿ ನಡೆದರೆ ಮಾಸ್ತರರಿಗೆ ಸಂಜೆಯ ನಿದ್ದೆ ತಪ್ಪುತ್ತದಂತೆ. ಕುಂಬಳಕಾಯಿ ಕಳ್ಳ ಎಂದರೆ ಒಬ್ಬ ಹೆಗಲು ಮುಟ್ಟಿಕೊಂಡನಂತೆ. ಹಂಗರಗಿಯಲ್ಲಿ ಪ್ರತಿಯೊಬ್ಬನೂ ಪಕ್ಕದವನ ಹೆಗಲು ಮುಟ್ಟಿ ತೋರಿಸಿದ. ಅಣ್ಣ ತಮ್ಮನ ಹೆಸರು ಕೊಟ್ಟ, ಅಳಿಯ ಮಾವನ ಹೆಸರು ಕೊಟ್ಟ. ಗನಿ ಎಲ್ಲವನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡ, ಕೊಟ್ಟವನ ಹೆಸರನ್ನು ಎದುರಿಗೆ ಸಾಕ್ಷಿಯೆಂದು ಬರೆದ. ಬೀಗಗಳನ್ನು ಜಗ್ಗಿ ನೋಡಿದ, ಪೆಟ್ಟಿಗೆಯ ಹಲಗೆ ತಟ್ಟಿ ನೋಡಿದ. ತನ್ನದೂ ಇರಲೆಂದು ನಾಲ್ಕನೇ ಬೀಗ ಹಾಕಿದ. ಮರುದಿನ ಸಂಜೆ ನಾಲ್ಕೂ ಬೀಗ ತೆಗೆದರೆ ಒಳಗೆ ಅದೇ ಸಾಸಿವೆ.

ಆ ಸಂಜೆಗಳನ್ನು ಅವನು ನೋಡಿದ. ಟಿವಿಗೆ ಹೆಣ್ಣುಮಕ್ಕಳೂ ಕಡ್ಡಾಯವಾಗಿ ಬರಬೇಕೆಂದು ಸರಕಾರದ ಹುಕುಂ ಆಗಿ, ಗೌಡರು ಡಂಗುರ ಹೊಡೆಸಿದ್ದರು. ಎಮರ್ಜೆನ್ಸಿಗೆ ಹೆದರಿ ಯಾವ ಅತ್ತೆಯೂ ಸೊಸೆಯನ್ನು ತಡೆಯುವಂತಿರಲಿಲ್ಲ. ಮುಂದೆ ಜಮಖಾನೆಯ ಮೇಲೆ ಗಂಡಸರು, ಹಿಂದೆ ಬೇವಿನ ಮರದಡಿ ಹೆಂಗಸರು. ಪರದೆ ಸಿಡಿಯತೊಡಗಿದರೆ ಗಂಡಸರು ಸರಕಾರಕ್ಕೆ ಮೆಲ್ಲಗೆ, ಮಾಸ್ತರರಿಗೆ ಜೋರಾಗಿ ಬೈದು ಹೋಟೆಲಿಗೆ ಎದ್ದು ಹೋಗುತ್ತಿದ್ದರು. ಟಿವಿಯನ್ನು ಪೂರ್ತಿ ಹೊತ್ತು ಹಚ್ಚಿಯೇ ಇರಬೇಕೆಂಬ ಹುಕುಂ ಇದ್ದುದರಿಂದ ಮಾಸ್ತರರು ಅದರ ಪಕ್ಕದಲ್ಲೇ ತೂಕಡಿಸುತ್ತಿದ್ದರು. ಹೆಂಗಸರು ಮಾತ್ರ ಏಳುತ್ತಿರಲಿಲ್ಲ. ಟಿವಿ ಈಗ ಬರ್ತದ, ಈಗ ಬರ್ತದ ಎನ್ನುತ್ತ ಕೂತಿರುತ್ತಿದ್ದರು.

ಟಿವಿ ಬಂದದ್ದು, ಕೆಟ್ಟದ್ದು ಎಲ್ಲವನ್ನೂ ಮಾಸ್ತರರು ದಿನಾ ಬರೆದಿಡುತ್ತಿದ್ದ ಹಾಜರಿ ಪುಸ್ತಕವನ್ನು ತಿರುವಿದಾಗ ಗನಿಗೆ ಒಂದು ವಿಷಯ ಹೊಳೆಯಿತು. ಯಾವ ಸೋಮವಾರವೂ, ಯಾವ ಅಮಾವಾಸ್ಯೆಯೂ ಟಿವಿ ಕೆಟ್ಟಿರಲಿಲ್ಲ.

"ಬಸವಣ್ಣನ ವಾರ ಅಲ್ರಿ, ಅವನ ಕೃಪಾ," ಎಂದು ಮಾಸ್ತರರು ಕೈ ಮುಗಿದರು.

ಸೋಮವಾರ ಸಂಜೆ ಗನಿ ಪರದೆಯನ್ನು ನೋಡಲಿಲ್ಲ, ಹಿಂದಕ್ಕೆ ತಿರುಗಿ ಕೂತ. ಚಿತ್ರ ಕನ್ನಡಿಯಂತೆ ಬಂತು. ಬೇವಿನ ಮರದಡಿ ಮಾತ್ರ ಯಾರೂ ಇರಲಿಲ್ಲ. ಹೆಂಗಸರೆಲ್ಲ ಬಸವಣ್ಣನ ಗುಡಿಗೆ ಭಜನೆಗೆ ಹೋಗಿದ್ದರು. ಅಮಾವಾಸ್ಯೆಯೂ ಹಾಗೇ.

ಮಂಗಳವಾರ ಹೊತ್ತು ಇಳಿಯುವಾಗ ಗನಿ ಸ್ಟೋ ತೆಗೆದುಕೊಂಡು ಸಾಲೆಯ ಹಿಂದೆ ಗೋಡೆ ಮರೆಗೆ ಕೂತ. ಸಾಲೆಯ ಕಸಗುಡಿಸುವ ಹೀರಾಬಾಯಿ ಬಂದಳು, ಐವತ್ತು ದಾಟಿದ ಹೆಂಗಸು. ಅಂಗಳಕ್ಕೆ ನೀರು ಚಿಮುಕಿಸಿದಳು. ಹಾರೆ ತೆಗೆದುಕೊಂಡು ಛತ್ರಿಯ ಒಂದು ಕಾಲನ್ನು ಮೀಟಿ, ಅದರ ಕೆಳಗಿನ ಇಟ್ಟಂಗಿಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದಳು. ಒಲೆಯ ಕಲ್ಲು ಸರಿಸಿದಷ್ಟು ಸಲೀಸು. ಛತ್ರಿ ಒಂದು ಗೇಣು ವಾಲಿತು. ಬೆಳಿಗ್ಗೆ ಕಸ ಗುಡಿಸಲು ಬಂದಾಗ ಅದನ್ನು ಮತ್ತೆ ಮೊದಲಿನಂತೆ ನಿಲ್ಲಿಸುವವಳೂ ಇವಳೇ ಎಂದು ಗನಿಗೆ ಹೊಳೆಯಿತು. ಆಕಾಶದ ತನಕ ಲೆಕ್ಕ ಹಾಕಿದ್ದ ಇಲಾಖೆ ಕಾಲಡಿಯ ಇಟ್ಟಂಗಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಪೆಟ್ಟಿಗೆಗೆ ನಾಲ್ಕು ಬೀಗ. ಛತ್ರಿ ಮಾತ್ರ ಹಿತ್ತಲಲ್ಲಿ ಕಾವಲಿಲ್ಲದೆ ಬಯಲುಪಾಲು!

ಗನಿಯ ಎದೆ ಹಿಗ್ಗಿತು. ಹೆಸರು ಸಿಕ್ಕಿತ್ತು. ಪರ್ಮನೆಂಟ್!

ಹೀರಾಬಾಯಿ ತಿರುಗಿ ಅವನನ್ನು ಕಂಡಳು. ಹಾರೆಯನ್ನು ಮೆಲ್ಲಗೆ ಗೋಡೆಗೆ ಒರಗಿಸಿದಳು, ಬಚ್ಚಿಡಲಿಲ್ಲ.

"ನೋಡಿದ್ಯಾ ತಮ್ಮಾ?"

"ನೋಡಿದೆ ಯಕ್ಕಾ. ಇದನ್ಯಾರು ಕಲಸಿದ್ರು ನಿನಗ?"

"ನಮ್ಮ ಎಮ್ಮಿ. ಅದು ಒಮ್ಮಿ ಈ ಕಾಲಿಗೆ ಮೈ ತಿಕ್ಕಿತು, ಇಟ್ಟಂಗಿ ಜರದು ಬಿತ್ತು. ಅವತ್ತ ಸಂಜಿಗೆ ಟಿವಿ ಬರಲಿಲ್ಲ." ಅವಳ ಮುಖದಲ್ಲಿ ಆ ಸಂಜೆಯ ಖುಷಿ ಇನ್ನೂ ಇತ್ತು. "ಗಂಡಸ್ರು ಎದ್ದು ಹ್ವಾದ್ರು, ನಾವು ಕೂತೇ ಇದ್ದಿವಿ. ಆರು ಮಂದಿ ಮಕ್ಕಳ ತಾಯಿ ನಮ್ಮ ಶಿವಕಾಂತಾ, ಮದವಿ ಆಗಿ ಬಂದ ಮ್ಯಾಲೆ ಅವತ್ತೇ ಜೋರಾಗಿ ನಕ್ಕಳು ನೋಡು."

"ಟಿವಿ ನೋಡಾಕ ಹುಕುಂ ಅದ. ನೋಡಬಾರದೇನು?"

"ಏನ್ ನೋಡೂದು? ಮಾವ, ಭಾವ ಮುಂದ ಕೂತಿರ್ತಾರ. ಪೆಟ್ಟಿಗ್ಯಾಗಿನ ಡಾಕ್ಟರಬಾಯಿ ಮಕ್ಕಳು ಎಷ್ಟು ಸಾಕು ಅಂತ ಎಲ್ಲಾರ ಮುಂದ ಕೇಳ್ತಾಳ. ಸೆರಗು ಹೊದ್ದು ಉಸಿರು ಹಿಡದು ಕೂಡಬೇಕು. ಟಿವಿ ಇಲ್ಲಂದ್ರ ನಮಗ ಮನಿ ಬಿಟ್ಟು ಬರಾಕ ಹುಕುಂ ಇಲ್ಲ. ಟಿವಿ ಬಂತಂದ್ರ ಬಾಯಿ ಬಿಡಾಕ ಹುಕುಂ ಇಲ್ಲ. ಅದಕ್ಕ ಟಿವಿ ಇರಬೇಕು, ಬರಬಾರದು."

ಬೇವಿನ ಮರದಡಿ ಆಗಲೇ ನಾಲ್ಕೈದು ಹೆಂಗಸರು ಬಂದು ಹಳೆ ಸೀರೆಗಳ ಒಂದು ದೊಡ್ಡ ಕೌದಿಯನ್ನು ಹಾಸಿ ನಾಲ್ಕೂ ಮೂಲೆಯಿಂದ ಹೊಲಿಯತೊಡಗಿದ್ದರು. ಹೀರಾಬಾಯಿ ಅತ್ತ ನೋಡಿದಳು.

"ಹೆಸರು ಕೊಡೂದಿದ್ರ ನಂದೊಂದೇ ಕೊಡು. ಅವು ಮಕ್ಕಳೊಂದಿಗರು." ಆಮೇಲೆ ಕೇಳಿದಳು: "ನಿನ್ನ ಮನ್ಯಾಕಿ ಸಂಜಿಮುಂದ ಯಾರ ಜೋಡಿ ಕೂಡ್ತಾಳ ತಮ್ಮಾ?"

ಗನಿಗೆ ಗೊತ್ತಿರಲಿಲ್ಲ. ಒಂಬತ್ತು ವರ್ಷ ಅವನು ಸಂಜೆಗಳನ್ನು ಜೀಪಿನಲ್ಲಿ ಕಳೆದಿದ್ದ. ಖಾಸೀಂಬಿ ಯಾರ ಜೊತೆಗೂ ಕೂಡುವುದಿಲ್ಲ ಎಂಬುದು ಅವನಿಗೆ ಆಗ, ಆ ಛತ್ರಿಯ ಬುಡದಲ್ಲಿ ನಿಂತಾಗ ಹೊಳೆಯಿತು.

ಹೀರಾಬಾಯಿಯ ಹೆಸರು ಕೊಟ್ಟರೆ ಅವಳು ಜೇಲಿಗೆ. ಕೊಡದಿದ್ದರೆ ಟಿವಿ ನರೋಣಾಕ್ಕೆ, ಹೆಂಗಸರು ಮತ್ತೆ ಒಲೆಯ ಮುಂದಕ್ಕೆ. ಎರಡು ದಿನ ಯೋಚಿಸಿ ಗನಿ ಕಲಬುರ್ಗಿಗೆ ಹೋದ. ಸಾಹೇಬರ ಮೇಜಿನ ಮೇಲೆ ನೋಟುಬುಕ್ಕು ಇಟ್ಟ.

ಸಾಹೇಬರು ಪುಟ ತಿರುವಿದರು. ತಿರುವುತ್ತಲೇ ಹೋದರು. "ಒಂದು ಹೆಸರು ತಾ ಅಂದ್ರ ಮತದಾರರ ಯಾದಿ ತಂದೀಯಲ್ಲೋ!"

"ನಂದೇನೂ ಇಲ್ರಿ ಸಾಹೇಬ್ರ. ಒಂದೊಂದು ಹೆಸರಿಗೂ ಎದುರಿಗೆ ಸಾಕ್ಷಿ ಅದ."

"ಹೆಣ್ಣಮಕ್ಕಳದು ಒಂದೂ ಇಲ್ಲ?"

"ಅವರಿಗೆ ಟಿವಿ ಅಂದ್ರ ಏನ್ ತಿಳೀತದ್ರಿ?"

"ಅದೂ ಖರೆ," ಎಂದರು ಸಾಹೇಬರು. ಕೊನೆಯ ಪುಟಕ್ಕೆ ಬಂದಾಗ ಅವರ ಮುಖ ಬಿಳುಪೇರಿತು. ಅಲ್ಲಿ ಅವರದೇ ಹೆಸರಿತ್ತು. ಟಿವಿಯನ್ನು ಹೆಂಡತಿಯ ತವರಿಗೆ ಒಯ್ಯಲು ಸಾಹೇಬರೇ ಕೆಡಿಸುತ್ತಿರಬಹುದೆಂದು ದೌಲತರಾಯ ಗೌಡರು ಅನುಮಾನಪಟ್ಟಿದ್ದರು. ಗನಿ ಅದನ್ನೂ ಪ್ರಾಮಾಣಿಕವಾಗಿ ಬರೆದುಕೊಂಡಿದ್ದ, ಗೌಡರ ಸಹಿ ಸಮೇತ.

ಇನ್ನು ಟಿವಿಯನ್ನು ನರೋಣಾಕ್ಕೆ ಕಳಿಸುವುದಿರಲಿ, ಆ ಊರಿನ ಹೆಸರೆತ್ತಲೂ ಸಾಹೇಬರಿಗೆ ಧೈರ್ಯವಾಗಲಿಲ್ಲ. ಕಡತದ ಮೇಲೆ ಹೀಗೆ ಬರೆದರು: ವಿಚಾರಣೆ ಮುಗಿಯುವವರೆಗೆ ಸದರಿ ಟಿವಿಯನ್ನು ಸದರಿ ಸ್ಥಳದಿಂದ ಅಲುಗಿಸತಕ್ಕದ್ದಲ್ಲ. ಕೆಳಗೆ ಇನ್ನೊಂದು ಸಾಲು: ತನಿಖೆ ನಡೆಸಿದ ಹೆಲ್ಪರನ ಕಾಯಮಾತಿ ವಿಚಾರಣೆ ಮುಗಿದ ನಂತರ.

ಮುಂದಿನ ವರ್ಷ ಉಪಗ್ರಹವೇ ಬೇರೆ ಕಡೆಗೆ ಸರಿದು ಹೋಯಿತು. ಹಳ್ಳಿಗಳ ಟಿವಿಗಳನ್ನೆಲ್ಲ ಇಲಾಖೆ ಎತ್ತಿಕೊಂಡು ಹೋಯಿತು, ಹಂಗರಗಿಯದೊಂದನ್ನು ಬಿಟ್ಟು. ಅದು ವಿಚಾರಣೆಯಲ್ಲಿತ್ತು. ಅದಾದ ಮರುವರ್ಷ ಎಮರ್ಜೆನ್ಸಿಯೂ ಹೋಯಿತು. ಹೆಣ್ಣುಮಕ್ಕಳು ಇನ್ನು ಬರಬೇಕಿಲ್ಲವೆಂದು ಡಂಗುರ ಹೊಡೆಸಲು ಮಾತ್ರ ಯಾರಿಗೂ ನೆನಪಾಗಲಿಲ್ಲ. ಹೆಂಗಸರು ಸಂಜೆ ಬಂದು ಬೇವಿನ ಮರದಡಿ ಕೂಡುವುದನ್ನು ಬಿಡಲಿಲ್ಲ. ವರ್ಷಕ್ಕೊಮ್ಮೆ ಅಬ್ದುಲ್ ಗನಿ ವಿಚಾರಣೆಗೆಂದು ಪೆಟ್ಟಿಗೆಗೆ ಇಲಾಖೆ ಹಾಕಿದ್ದ ಸೀಲಿನ ತಪಾಸಣೆಗೆ ಹೋಗುತ್ತಿದ್ದ, ಖಾಸೀಂಬಿಯನ್ನೂ ಕರೆದುಕೊಂಡು. ಅವಳು ಸೂಜಿ ದಾರ ಮನೆಯಿಂದಲೇ ತರುತ್ತಿದ್ದಳು.

೧೯೯೧ರಲ್ಲಿ ಅವನು ಹೋದಾಗ ಗೌಡರ ಮಗ ಜಗದೇವಪ್ಪ ಎದುರಾದ. ಅವನ ಮನೆಯಲ್ಲಿ ಬಣ್ಣದ ಟಿವಿ ಬಂದಿತ್ತು, ಗಂಡಸರೆಲ್ಲ ಅಲ್ಲಿದ್ದರು. ಅವನು ತುಕ್ಕು ಹಿಡಿದ ಛತ್ರಿಯನ್ನು ಕಾಲಿನಿಂದ ಒದ್ದು ಹೇಳಿದ:

"ಗನಿಸಾಬ್ರ, ಇದು ಸತ್ತು ಹದಿನೈದು ವರ್ಷ ಆತು. ಸತ್ತದ ಅಂತ ಒಂದು ಮಾತು ಬರದು ಕೊಡ್ರಿ, ಕಿತ್ತು ಒಗೀತೇವಿ. ಈ ಹೆಂಗಸ್ರೂ ಸುಮ್ಮ ಇಲ್ಲಿ ಕೂಡೂದು ಬಿಟ್ಟು ಮನಿ ಕೆಲಸ ನೋಡ್ತಾರ. ನಿಮ್ಮ ವಿಚಾರಣಿನೂ ಮುಗೀತದ, ನಿಮ್ಮ ನೌಕರಿನೂ ಪಕ್ಕಾ ಆಗ್ತದ."

ಅವನು ಹೇಳಿದ್ದೆಲ್ಲ ನಿಜವಾಗಿತ್ತು. ಗನಿಯ ತಲೆ ನೆರೆತಿತ್ತು. ಒಂದು ಸಾಲು ಬರೆದರೆ ಇಪ್ಪತ್ತೈದು ವರ್ಷದ ಟೆಂಪರರಿ ಅಲ್ಲಿಗೆ ಮುಗಿಯುತ್ತಿತ್ತು. ಬೇವಿನ ಮರದಡಿ ಹಲ್ಲಿಲ್ಲದ ಹೀರಾಬಾಯಿ, ಶಿವಕಾಂತಾ, ಅವಳ ಸೊಸೆಯಂದಿರು, ಅವರ ನಡುವೆ ಖಾಸೀಂಬಿ, ಎಲ್ಲರೂ ಸೂಜಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಅವನನ್ನು ನೋಡುತ್ತಿದ್ದರು.

ಗನಿ ಛತ್ರಿಯನ್ನು ಒಂದು ಸುತ್ತು ಹಾಕಿದ. ಬಗ್ಗಿ ಇಟ್ಟಂಗಿಯನ್ನು ಮುಟ್ಟಿ ನೋಡಿದ. ಆಮೇಲೆ ಎದ್ದು ನಿಂತು, ಜಗದೇವಪ್ಪನ ಮುಖವನ್ನೇ ನೋಡುತ್ತ, ಹಳೆಯ ಗಾಂಭೀರ್ಯದಿಂದ ಹೇಳಿದ:

"ರಿಪೇರಿ ನಡದದ್ರಿ."

ಜಗದೇವಪ್ಪ ಮತ್ತೊಂದು ಪ್ರಶ್ನೆ ಕೇಳದೆ ಮನೆಗೆ ಹೋದ. ಮರದಡಿ ಯಾರೋ ನಕ್ಕರು, ಕೌದಿಯ ಕೆಲಸ ಮುಂದುವರಿಯಿತು.